ಸಣ್ಣ ಚೀಟಿ ಬರುತ್ತೆ, ದೊಡ್ಡ ಚೀಟಿ ಬರಲ್ಲ: ಕಾಫಿ ತೂಕದ ಕಟ್ಟೆಯ ಒಂದು ನೆಟ್‌ವರ್ಕ್ ಪ್ರಕರಣ

ಕೊಡಗಿನಲ್ಲಿ ಕಾಫಿ ಕೊಳ್ಳುವ ಒಂದು ಸಂಸ್ಥೆಯಲ್ಲಿ ನಡೆದ ಕಥೆ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಯಾರ ಇಂಟರ್ನೆಟ್ ಲೈನ್, ಯಾರ ಸಾಫ್ಟ್‌ವೇರ್, ಇದ್ಯಾವುದನ್ನೂ ಹೇಳುವುದಿಲ್ಲ. ಅದರ ಅಗತ್ಯವೂ ಇಲ್ಲ. ತಪ್ಪು ಒಬ್ಬರದ್ದಾಗಿರಲಿಲ್ಲ, ಅದರಲ್ಲಿ ನನ್ನ ಪಾಲೂ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ.

ವ್ಯವಸ್ಥೆ ಹೀಗಿತ್ತು. ಮಡಿಕೇರಿ ಕಡೆ ಮುಖ್ಯ ಕಚೇರಿ, ಅಲ್ಲಿ ಒಂದು ಲಿನಕ್ಸ್ ಸರ್ವರ್, ಅದರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್. ಜಿಲ್ಲೆಯ ಐದು ಕಡೆ ತೂಕದ ಕಟ್ಟೆಗಳು. ಬೆಳೆಗಾರರು ಜೀಪಿನಲ್ಲೋ ಪಿಕಪ್‌ನಲ್ಲೋ ಒಣಗಿದ ಚೆರಿ, ಅಂದರೆ ಕಾಫಿ ಹಣ್ಣು, ತರುತ್ತಾರೆ. ಮೂಟೆ ಒಂದೊಂದಾಗಿ ತೂಕವಾಗುತ್ತದೆ. ತೇವಾಂಶ ನೋಡುತ್ತಾರೆ, ಔಟ್‌ಟರ್ನ್, ಅಂದರೆ ಚೆರಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವುದನ್ನೂ ನೋಡುತ್ತಾರೆ. ಅಲ್ಲಿನ ಕಂಪ್ಯೂಟರ್‌ನಲ್ಲಿ ಎಲ್ಲಾ ತುಂಬಿ ಸೇವ್ ಒತ್ತಿದರೆ ಅದು ಸರ್ವರ್‌ಗೆ ಹೋಗಿ, ಚೀಟಿ ನಂಬರ್ ಸಿಕ್ಕಿ, ಪ್ರಿಂಟರ್‌ನಿಂದ ಚೀಟಿ ಬರುತ್ತದೆ. ಚೀಟಿ ಕೈಗೆ ಬರುವ ತನಕ ಯಾವ ಬೆಳೆಗಾರನೂ ಜೀಪ್ ಸ್ಟಾರ್ಟ್ ಮಾಡುವುದಿಲ್ಲ. ಮಾಡಬಾರದು ಕೂಡ.

ಐದೂ ಕಟ್ಟೆಗಳನ್ನು ಮುಖ್ಯ ಕಚೇರಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ (ಇಂಟರ್ನೆಟ್ ಮೇಲೆಯೇ ನಮಗಷ್ಟೇ ಇರುವ ಮುಚ್ಚಿದ ದಾರಿ) ಮೂಲಕ ಜೋಡಿಸಿದ್ದು ನಾನೇ. 2020ರಲ್ಲಿ ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೇ ಸೇರಿಕೊಂಡಿತು, ಬಳಸುವುದು ಸುಲಭವಾಯಿತು. ಕಟ್ಟೆಯ ಕಡೆ ಒಂದು ಪುಟ್ಟ ಲಿನಕ್ಸ್ ಡಬ್ಬಿ, ಅದು ಸರ್ವರ್‌ಗೆ ಸುರಂಗ ಕೊರೆಯುತ್ತದೆ ಅಂತ ಇಟ್ಟುಕೊಳ್ಳಿ. ಪ್ರತಿ ಕಡೆಯೂ ಎರಡು ಲೈನ್: ಮೊದಲು ಫೈಬರ್, ಅದು ಹೋದರೆ 4ಜಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ, ಕರೆಂಟು, ಫೋನು ಎಲ್ಲಾ ಒಟ್ಟಿಗೆ ಹೋದದ್ದನ್ನು ಕಂಡವರಿಗೆ ಎರಡನೇ ಲೈನ್ ಯಾಕೆ ಬೇಕು ಅಂತ ವಿವರಿಸಬೇಕಿಲ್ಲ. ಯಜಮಾನರು ಒಂದೇ ಮಾತಿಗೆ ಒಪ್ಪಿದ್ದರು.

ಸಂಜೆಯಾದರೆ ಸರ್ವರ್ ಸ್ಲೋ

ಜನವರಿ. ರೊಬಸ್ಟಾ ಕೊಯ್ಲು ಜೋರಾಗಿದ್ದ ಸಮಯ. ಮೊದಲ ಫೋನ್ ಬಂದದ್ದು ಮುಖ್ಯ ಕಚೇರಿಯಿಂದ. "ಸಂಜೆ ನಾಲ್ಕಾದ ಮೇಲೆ ಸರ್ವರ್ ಸ್ಲೋ. ಎಲ್ಲಾ ಕಟ್ಟೆಯಲ್ಲೂ ಒಂದೇ ಗೋಳು. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ಅರ್ಧ ಗಂಟೆಗೆ ಮತ್ತೆ ಅದೇ."

ಬೆಳಿಗ್ಗೆ ಚೆನ್ನಾಗಿದೆ, ಸಂಜೆ ಕೆಡುತ್ತದೆ, ಐದೂ ಕಡೆ ಕೆಡುತ್ತದೆ. ಇದನ್ನು ಕೇಳಿದ ಯಾರಿಗೂ ಬರುವ ಯೋಚನೆ ಒಂದೇ: ಲೋಡ್ ಜಾಸ್ತಿಯಾಗಿದೆ. ನನಗೂ ಅದೇ ಬಂತು. ಸೀಸನ್ ಬೇರೆ. ಮೈಸೂರಿನಿಂದ ರ್‍ಯಾಮ್ ತರಿಸಿದೆವು, 16 ಜಿಬಿ ಇದ್ದದ್ದನ್ನು 32 ಮಾಡಿದೆವು. ಮರುದಿನ ಸಂಜೆ ನಾಲ್ಕೂವರೆಗೆ ಮತ್ತೆ ಫೋನ್.

ಸಾಫ್ಟ್‌ವೇರ್ ಮಾಡಿಕೊಟ್ಟವರು ನೆಟ್‌ವರ್ಕ್ ನೋಡಿ ಅಂದರು. ಇಂಟರ್ನೆಟ್ ಕಂಪನಿಯವರು ಲೈನ್ ಅಪ್ ಇದೆ ಸಾರ್ ಅಂದರು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನಾನು.

ನನ್ನ ಹತ್ತಿರ ಉಪಕರಣಗಳಿಗೇನೂ ಕಡಿಮೆ ಇರಲಿಲ್ಲ. ಜ್ಯಾಬಿಕ್ಸ್ ಎಂಬ ನಿಗಾ ತಂತ್ರಾಂಶ ಹಾಕಿ ಐದೂ ಕಟ್ಟೆಗಳಿಗೆ ನಿಮಿಷಕ್ಕೊಮ್ಮೆ ಪಿಂಗ್, ಅಂದರೆ 'ಇದ್ದೀಯಾ' ಅಂತ ಕೇಳುವ ಪುಟ್ಟ ಸಂದೇಶ, ಹೊಡೆಸುತ್ತಿದ್ದೆ. ಪರದೆ ತುಂಬಾ ಹಸಿರು. ವೈರ್‌ಗಾರ್ಡ್ ಸ್ಥಿತಿ ನೋಡಿದರೆ ಐದೂ ಕಡೆಯಿಂದ ಕೊನೆಯ ಹ್ಯಾಂಡ್‌ಶೇಕ್ (ಎರಡು ತುದಿಗಳು ಕೀಲಿ ಹೊಂದಿಸಿಕೊಳ್ಳುವ ಮಾತುಕತೆ) ಒಂದು ನಿಮಿಷ, ಒಂದೂವರೆ ನಿಮಿಷದ ಹಿಂದಿನದು. ಆರೋಗ್ಯವಾಗಿದೆ ಅಂತಲೇ ಅರ್ಥ. ದಾರಿಯ ಪ್ರತಿ ಹೆಜ್ಜೆಯ ನಷ್ಟ ತೋರಿಸುವ ಎಂಟಿಆರ್ ಎಂಬ ಸಾಧನ ಓಡಿಸಿದೆ. ದಾರಿಯ ನಡುವೆ ಒಂದು ರೌಟರ್ ಎದುರು ದೊಡ್ಡ ನಷ್ಟ ಕಾಣಿಸಿತು, ಅದರ ಹಿಂದೆ ಅರ್ಧ ದಿನ ಓಡಿದೆ. ಇದು ಹಳೇ ಬಲೆ. ನಡುವಿನ ರೌಟರ್‌ಗಳು ತಮಗೆ ಬಂದ ಪಿಂಗ್‌ಗೆ ಉತ್ತರ ಕೊಡುವುದನ್ನು ಬೇಕಂತಲೇ ಕಡಿಮೆ ಮಾಡುತ್ತವೆ, ಆದರೆ ತಮ್ಮ ಮೂಲಕ ಹಾದುಹೋಗುವುದನ್ನು ಸರಿಯಾಗಿ ಸಾಗಿಸುತ್ತವೆ. ಕೊನೆಯ ಸಾಲಿನಲ್ಲಿ ನಷ್ಟ ಸೊನ್ನೆ ಇದ್ದರೆ ನಡುವಿನ ಸಾಲು ನೋಡಿ ಗಾಬರಿಯಾಗುವುದು ಬೇಡ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಓಡಿದೆ. ಬೇರೇನೂ ಸಿಗದಿದ್ದಾಗ ಮನುಷ್ಯ ಹಾಗೇ ಮಾಡುತ್ತಾನೆ.

ನಿಜವಾದ ಸುಳಿವು ಮೊದಲ ದಿನವೇ ಕಣ್ಣೆದುರು ಇತ್ತು. ಸ್ಲೋ ಆದ ಹೊತ್ತಿನಲ್ಲಿ ಪೋಸ್ಟ್‌ಗ್ರೆಸ್‌ನ ಚಟುವಟಿಕೆ ಪಟ್ಟಿ ತೆಗೆದಿದ್ದೆ. ಪ್ರೊಸೆಸರ್ ಸುಮ್ನೆ ಕೂತಿತ್ತು. ಏಳೆಂಟು ಸೆಷನ್‌ಗಳು, ಅಂದರೆ ಕಟ್ಟೆಗಳಿಂದ ತೆರೆದ ಸಂಪರ್ಕಗಳು, ಒಂದು ಲಾಕ್‌ಗಾಗಿ (ಒಂದು ಸಲಕ್ಕೆ ಒಬ್ಬರೇ ತಿದ್ದಲಿ ಅನ್ನುವ ಬೀಗ) ಕಾಯುತ್ತಿದ್ದವು. ಆ ಲಾಕ್ ಹಿಡಿದುಕೊಂಡ ಸೆಷನ್‌ನ ಎದುರು "ಐಡಲ್ ಇನ್ ಟ್ರಾನ್ಸಾಕ್ಷನ್" ಅಂತಿತ್ತು, ಯಾಕೆ ಕಾಯುತ್ತಿದೆ ಅನ್ನುವಲ್ಲಿ "ಕ್ಲೈಂಟ್ ರೀಡ್" ಅಂತಿತ್ತು. ಅಂದರೆ ಸರ್ವರ್ ನಿಧಾನವಾಗಿಲ್ಲ. ಆ ಕಡೆಯವನು ಮಾತು ಶುರು ಮಾಡಿ ನಡುವೆ ಸುಮ್ಮನಾಗಿದ್ದಾನೆ, ಅವನ ಮುಂದಿನ ಮಾತಿಗಾಗಿ ಸರ್ವರ್ ಕಿವಿ ಕೊಟ್ಟು ಕೂತಿದೆ. ನಾನು ಆ ಸೆಷನ್ ಕೊಂದೆ. ಎಲ್ಲಾ ಸರಾಗವಾಯಿತು. ಖುಷಿಯಾಗಿ ಮನೆಗೆ ಹೋದೆ. ಅವನು ಯಾಕೆ ಸುಮ್ಮನಾದ ಅಂತ ಕೇಳಲೇ ಇಲ್ಲ. ಕೇಳಿದ್ದರೆ ರ್‍ಯಾಮ್‌ನ ಖರ್ಚು ಉಳಿಯುತ್ತಿತ್ತು.

ನೋಟ್‌ಬುಕ್

ಸೆಷನ್ ಕೊಲ್ಲುವುದು ನಾಲ್ಕು ದಿನ ನಡೆಯಿತು. ನಾಲ್ಕನೇ ದಿನ ಕೊಂದ ಸೆಷನ್‌ಗಳ ವಿಳಾಸ ನೋಡಿದೆ. ಎಲ್ಲವೂ ಒಂದೇ ಕಟ್ಟೆಯದ್ದು. ಐದರಲ್ಲಿ ಅತೀ ಒಳಗಿನದು, ತೋಟಗಳ ನಡುವೆ, ಎರಡೂ ಕಡೆ ಸಿಲ್ವರ್ ಮರ ಇರುವ ರಸ್ತೆ. ಬೈಕ್ ಹತ್ತಿ ಹೋದೆ.

ಅಲ್ಲಿ ಚೀಟಿ ಬರೆಯುವ ಹುಡುಗಿ ಕೀಬೋರ್ಡ್ ಪಕ್ಕ ಒಂದು ರೂಲ್ ನೋಟ್‌ಬುಕ್ ಇಟ್ಟುಕೊಂಡಿದ್ದಳು. ಕಂಪ್ಯೂಟರ್ ಕೈಕೊಟ್ಟಾಗ ಲೆಕ್ಕ ತಪ್ಪಬಾರದು ಅಂತ ಪ್ರತಿ ಲೋಡನ್ನೂ ಅದರಲ್ಲಿ ಬರೆದು, ಚೀಟಿ ಬಂದರೆ ರೈಟ್, ಬರದಿದ್ದರೆ ತಪ್ಪು ಗುರುತು ಹಾಕುತ್ತಿದ್ದಳು. "ಸಾರ್, ಸಣ್ಣವರದ್ದು ಬರುತ್ತೆ, ದೊಡ್ಡವರದ್ದು ಬರಲ್ಲ" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ, ನೋಟ್‌ಬುಕ್ ತಿರುಗಿಸಿ ಕೊಟ್ಟಳು. 4 ಮೂಟೆ, ರೈಟ್. 7 ಮೂಟೆ, ರೈಟ್. 9, ರೈಟ್. 32, ತಪ್ಪು. 6, ರೈಟ್. 14, ತಪ್ಪು. 60, ತಪ್ಪು, ಪಕ್ಕದಲ್ಲಿ "ಮೂರು ಸಲ". 10, ರೈಟ್. 11, ತಪ್ಪು.

ಬೆನ್ನು ನೆಟ್ಟಗಾಯಿತು ನನಗೆ. ಹತ್ತಕ್ಕೂ ಹನ್ನೊಂದಕ್ಕೂ ನಡುವೆ ಕತ್ತರಿಸಿದ ಹಾಗೆ ಗೆರೆ! ಪ್ರತಿ ಮೂಟೆಯ ತೂಕವೂ ಒಂದು ಸಾಲು. ಸಾಲು ಹೆಚ್ಚಿದಷ್ಟೂ ಸರ್ವರ್‌ಗೆ ಹೋಗುವ ಸಂದೇಶ ಉದ್ದ. ಸಣ್ಣ ಬೆಳೆಗಾರರು ಬೆಳಿಗ್ಗೆ ಬೇಗ ಬಂದು ಹೋಗುತ್ತಾರೆ, ದೊಡ್ಡ ತೋಟದ ಲಾರಿಗಳು ಸಂಜೆ ಬರುತ್ತವೆ. ಹಾಗಾಗಿ "ಸಂಜೆ ಸ್ಲೋ". ನಾವು ಗಡಿಯಾರ ನೋಡುತ್ತಿದ್ದೆವು, ನೋಡಬೇಕಾದದ್ದು ಮೂಟೆಯನ್ನು.

ಉಳಿದ ನಾಲ್ಕು ಕಡೆ ಯಾಕೆ ಸ್ಲೋ ಆಗುತ್ತಿತ್ತು? ಸಾಫ್ಟ್‌ವೇರ್ ಮೊದಲು ಒಂದು ಸಣ್ಣ ಸಂದೇಶ ಕಳಿಸಿ ಚೀಟಿ ನಂಬರಿನ ಸಾಲಿಗೆ ಲಾಕ್ ಹಾಕುತ್ತದೆ, ಆಮೇಲೆ ಮೂಟೆಗಳ ಉದ್ದ ಸಂದೇಶ ಕಳಿಸುತ್ತದೆ. ಮೊದಲನೆಯದು ತಲುಪಿತು, ಎರಡನೆಯದು ತಲುಪಲಿಲ್ಲ, ಲಾಕ್ ಹಾಗೇ ಉಳಿಯಿತು. ಐದೂ ಕಟ್ಟೆಗೆ ಒಂದೇ ನಂಬರ್ ಸರಣಿ. ಒಬ್ಬನ ಗಂಟಲಲ್ಲಿ ಸಿಕ್ಕಿಕೊಂಡರೆ ಐವರಿಗೂ ಊಟ ಇಲ್ಲ.

ಎರಡನೇ ತುಂಡು

ಹುಡುಗಿ 15 ಮೂಟೆಯ ಒಂದು ಲೋಡ್ ತುಂಬಿ ಸೇವ್ ಒತ್ತಿದಳು. ನಾನು ಅವಳ ಕಂಪ್ಯೂಟರ್‌ನಲ್ಲಿ ಎಸ್‌ಎಸ್ ಎಂಬ ಆಜ್ಞೆ ಕೊಟ್ಟು ಆ ಸಂಪರ್ಕದ ಸ್ಥಿತಿ ನೋಡಿದೆ. ಅದೇ ಪ್ಯಾಕೆಟ್ (ಸಂದೇಶ ಸಾಗುವ ತುಣುಕು) ಮತ್ತೆ ಮತ್ತೆ ಹೋಗುತ್ತಿದೆ, ಪ್ರತಿ ಸಲ ಕಾಯುವ ಸಮಯ ದುಪ್ಪಟ್ಟಾಗುತ್ತಿದೆ. ಲಿನಕ್ಸ್ ಮಾಮೂಲಿಯಾಗಿ ಹೀಗೆ 15 ಸಲ ಪ್ರಯತ್ನಿಸುತ್ತದೆ, ಸೋಲೊಪ್ಪುವ ಹೊತ್ತಿಗೆ 15 ನಿಮಿಷ ದಾಟಿರುತ್ತದೆ. ಪರದೆಯ ಮೇಲೆ ಒಂದು ದಿನವೂ ಎರರ್ ಕಾಣದ ಕಾರಣ ಇದೇ. ಲಾರಿ ಡ್ರೈವರ್ ಹಾರ್ನ್ ಹೊಡೆಯುವಾಗ 15 ನಿಮಿಷ ಯಾರು ಕಾಯುತ್ತಾರೆ? ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆಯುತ್ತಿದ್ದರು. ಸರ್ವರ್ ಕಡೆ ಮಾತ್ರ ಹಳೇ ಸೆಷನ್ ಜೀವಂತ. ಎದುರಿನವನು ಇದ್ದಾನೋ ಇಲ್ಲವೋ ಅಂತ ಅದು ತಾನಾಗಿ ವಿಚಾರಿಸುವುದು ಎರಡು ಗಂಟೆ ಆದ ಮೇಲೆ.

ಆಮೇಲೆ ಲಿನಕ್ಸ್ ಡಬ್ಬಿಗೆ ಲಾಗಿನ್ ಆದೆ. ಮೊದಲು ಕಂಡದ್ದೇ ಆಶ್ಚರ್ಯ: ಅದು ಫೈಬರ್‌ನಲ್ಲಿ ಇರಲೇ ಇಲ್ಲ, 4ಜಿಯಲ್ಲಿ ಓಡುತ್ತಿತ್ತು. ಹೊರಗೆ ಹೋಗಿ ನೋಡಿದರೆ, ಮರ ತುಂಬಿದ ಯಾವುದೋ ಲಾರಿ ಫೈಬರ್ ಕೇಬಲ್ ಎಳೆದುಕೊಂಡು ಹೋಗಿದೆ, ತುದಿ ಕಾಫಿ ಗಿಡದ ಮೇಲೆ ಜೋತಾಡುತ್ತಿದೆ. ಯಾವಾಗ ಅಂದರೆ "ಹತ್ತು ದಿನ ಆಯ್ತು ಸಾರ್, ಆದರೆ ಇಂಟರ್ನೆಟ್ ಬರ್ತಾನೇ ಇತ್ತಲ್ಲ" ಅಂದರು ಕಟ್ಟೆಯವರು. ಹೌದು. ಬರುತ್ತಲೇ ಇತ್ತು. ಬ್ಯಾಕಪ್ ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು. ಲೈನ್ ಅಪ್ ಇದೆ ಎಂದ ಕಂಪನಿಯವರು ಕೂಡ ಮುಖ್ಯ ಕಚೇರಿಯ ಲೈನ್ ನೋಡಿ ಹೇಳಿದ್ದು, ಯಾಕೆಂದರೆ ನಾವು ಕೇಳಿದ್ದೇ ಅದನ್ನು.

ತುಂಡಾಗಬಾರದು ಅಂತ ಗುರುತು ಹಾಕಿ ಪಿಂಗ್ ಹೊಡೆದೆ. 1372 ಬೈಟ್ ಹೋಯಿತು. 1373 ಹೋಗಲಿಲ್ಲ. ಅದಕ್ಕೆ ವಿಳಾಸ ಇತ್ಯಾದಿ ಇರುವ ತಲೆಬರಹದ 28 ಬೈಟ್ ಸೇರಿಸಿದರೆ 1400. ಆ 4ಜಿ ದಾರಿಯಲ್ಲಿ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ ಅಷ್ಟೇ. ಇದನ್ನೇ ಎಂಟಿಯು ಅನ್ನುವುದು. ಮಾಮೂಲಿ ಈಥರ್‌ನೆಟ್‌ನಲ್ಲಿ 1500, ನಮ್ಮ ಫೈಬರ್‌ನಲ್ಲಿ 1492. ವೈರ್‌ಗಾರ್ಡ್ ತಾನಾಗಿ ಒಳಗಿನ ಗಾತ್ರವನ್ನು 1420 ಅಂತ ಇಟ್ಟುಕೊಳ್ಳುತ್ತದೆ, ಐಪಿವಿ4 (ಇಂಟರ್ನೆಟ್‌ನ ಹಳೇ ವಿಳಾಸ ಪದ್ಧತಿ) ಮೇಲೆ ಅದರ ಹೊದಿಕೆ 60 ಬೈಟ್, ಒಟ್ಟು 1480. ಫೈಬರ್‌ನಲ್ಲಿ ಆರಾಮಾಗಿ ಹಿಡಿಸುತ್ತದೆ. 1400ರ ದಾರಿಯಲ್ಲಿ ಹಿಡಿಸುವುದಿಲ್ಲ.

ಹಿಡಿಸದಿದ್ದರೆ ಏನಾಗುತ್ತದೆ? 4ಜಿ ರೌಟರ್ ಅದನ್ನು ಎರಡು ತುಂಡು ಮಾಡಿ ಕಳಿಸುತ್ತದೆ. ಸರ್ವರ್ ಕಡೆ ಟಿಸಿಪಿಡಂಪ್ ಓಡಿಸಿಟ್ಟೆ. ಯುನಿಕ್ಸ್ ಮಂದಿ, ಆಮೇಲೆ ಲಿನಕ್ಸ್ ಮಂದಿ, 1988ರಿಂದ ಕೈಯಲ್ಲಿ ಹಿಡಿದುಕೊಂಡು ಬಂದಿರುವ ಸಾಧನ ಅದು. ಚಂದದ ಗ್ರಾಫ್ ಏನೂ ಕೊಡುವುದಿಲ್ಲ, ತಂತಿಯ ಮೇಲೆ ಬಂದದ್ದನ್ನು ಬಂದ ಹಾಗೆ ತೋರಿಸುತ್ತದೆ. 1396 ಬೈಟಿನ ಮೊದಲ ತುಂಡು ಬಂತು. ಅದರ ಬೆನ್ನಿಗೆ ಬರಬೇಕಾದ 104 ಬೈಟಿನ ಎರಡನೇ ತುಂಡು ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೊದಲ ತುಂಡು. ಮತ್ತೆ ಎರಡನೆಯದಿಲ್ಲ. ಇನ್ನೊಂದು ಕಿಟಕಿಯಲ್ಲಿ ಎನ್‌ಸ್ಟ್ಯಾಟ್ ನೋಡಿದರೆ, ತುಂಡು ಜೋಡಿಸಲು ಆಗದೆ ಬಿಸಾಕಿದ ಲೆಕ್ಕ ಏರುತ್ತಲೇ ಇದೆ. ಕರ್ನಲ್ ಒಂದು ತುಂಡನ್ನು ಕೈಯಲ್ಲಿ ಹಿಡಿದು 30 ಸೆಕೆಂಡ್ ಇನ್ನೊಂದಕ್ಕೆ ಕಾಯುತ್ತದೆ, ಬರದಿದ್ದರೆ ಎಸೆಯುತ್ತದೆ.

ಎರಡನೇ ತುಂಡು ಎಲ್ಲಿ ಹೋಯಿತು ಅನ್ನುವುದಕ್ಕೆ ಕಟ್ಟೆಯ ಭಾಷೆಯಲ್ಲೇ ಹೇಳಬಹುದು. ಒಂದು ಮೂಟೆ ಜೀಪಿಗೆ ಹಿಡಿಸದೆ ಎರಡು ಚೀಲ ಮಾಡಿದಿರಿ, ಆದರೆ ಬೆಳೆಗಾರನ ಹೆಸರಿನ ಚೀಟಿ ಮೊದಲ ಚೀಲದ ಮೇಲೆ ಮಾತ್ರ ಇದೆ. ಪೋರ್ಟ್ ನಂಬರ್ ಇರುವುದು ಮೊದಲ ತುಂಡಿನಲ್ಲಿ ಮಾತ್ರ. ಮೊಬೈಲ್ ಜಾಲದಲ್ಲಿ ನೂರಾರು ಗ್ರಾಹಕರು ಒಂದೇ ಹೊರ ವಿಳಾಸವನ್ನು ಹಂಚಿಕೊಂಡಿರುತ್ತಾರೆ, ಯಾರದ್ದು ಯಾವುದು ಅಂತ ಗುರುತಿಸುವುದು ಪೋರ್ಟ್ ನಂಬರಿನಿಂದ. ಹೆಸರಿಲ್ಲದ ಚೀಲ ಗೇಟಿನಲ್ಲೇ ಉಳಿಯಿತು.

ಹಾಗಾದರೆ ಅದೇ 4ಜಿಯಲ್ಲಿ ಸ್ಪೀಡ್ ಟೆಸ್ಟ್, ವಿಡಿಯೋ ಎಲ್ಲಾ ಚೆನ್ನಾಗಿ ಬರುತ್ತಿತ್ತಲ್ಲ? ಬರುತ್ತದೆ. ತಲುಪಿತೇ ಅಂತ ನೋಡಿಕೊಂಡು ಕಳಿಸುವ ಟಿಸಿಪಿ ಪದ್ಧತಿಯಲ್ಲಿ ಸಂಪರ್ಕ ಶುರುವಾಗುವಾಗ ಎರಡೂ ಕಡೆಯವರು ತುಣುಕಿನ ಗಾತ್ರ ಮಾತಾಡಿಕೊಳ್ಳುತ್ತಾರೆ, ದಾರಿಯ ಸಲಕರಣೆಗಳು ಆ ಸಂಖ್ಯೆಯನ್ನು ತಿದ್ದಿ ಕಡಿಮೆ ಮಾಡಿಬಿಡುತ್ತವೆ. ನಮ್ಮದು ಅಂಥ ಮಾತುಕತೆಯಿಲ್ಲದ ಯುಡಿಪಿ ಪದ್ಧತಿಯೊಳಗೆ ಮುಚ್ಚಿಟ್ಟ ಸುರಂಗ, ಒಳಗೆ ಇಣುಕಿ ತಿದ್ದಲು ಯಾರಿಗೂ ಆಗುವುದಿಲ್ಲ. ನನ್ನ ಜ್ಯಾಬಿಕ್ಸ್ ಹಸಿರಾಗಿ ಇದ್ದದ್ದೂ ಇದಕ್ಕೇ. ಮಾಮೂಲಿ ಪಿಂಗ್ 100 ಬೈಟ್ ಕೂಡ ಇರುವುದಿಲ್ಲ. ವೈರ್‌ಗಾರ್ಡ್‌ನ ಹ್ಯಾಂಡ್‌ಶೇಕ್ ಶುರು ಮಾಡುವ ಸಂದೇಶ 148 ಬೈಟ್. ಸೈಕಲ್ ದಾಟಿತು, ಹಾಗಾಗಿ ಸೇತುವೆ ಗಟ್ಟಿ ಅಂದುಕೊಂಡಿದ್ದೆ.

ನನ್ನದೇ ಬೇಲಿ

ಸರಿ, ಎಂಟಿಯು ಕಡಿಮೆ ಮಾಡಬೇಕು. ಎಷ್ಟು? ಲೆಕ್ಕದ ಪ್ರಕಾರ 1340 ಸಾಕು. ಆದರೆ ನಾಳೆ ಸಿಮ್ ಬದಲಾದರೆ, ಬೇರೆ ಟವರ್ ಸಿಕ್ಕಿದರೆ? ನಾನು 1280ಕ್ಕೆ ಇಳಿಸುವುದು ಅಂತ ತೀರ್ಮಾನಿಸಿದೆ. ಇಂಟರ್ನೆಟ್‌ನ ಹೊಸ ಪದ್ಧತಿಯಾದ ಐಪಿವಿ6 ಯಾವ ದಾರಿಯಲ್ಲಾದರೂ ಇರಲೇಬೇಕು ಅನ್ನುವ ಕನಿಷ್ಠ ಗಾತ್ರ ಅದು, ಅದಕ್ಕಿಂತ ಚಿಕ್ಕ ದಾರಿ ಸಿಗುವುದು ಅಪರೂಪ. ಪ್ಯಾಕೆಟ್‌ಗಳ ಸಂಖ್ಯೆ ಸ್ವಲ್ಪ ಹೆಚ್ಚುತ್ತದೆ, ನಿಜ. ಕಾಫಿ ಚೀಟಿ ಕಳಿಸುವವರಿಗೆ ಅದು ಗೊತ್ತೂ ಆಗುವುದಿಲ್ಲ.

ಇನ್ನೊಂದು ತೀರ್ಮಾನ: ಈಗಲೇ ಬದಲಿಸುವುದೋ, ರಾತ್ರಿಗೋ? ಹೊರಗೆ ಮೂರು ಲಾರಿ ನಿಂತಿದ್ದವು. ಎಂಟಿಯು ಬದಲಿಸಿದರೆ ಸುರಂಗ ಕಡಿದುಹೋಗುವುದಿಲ್ಲ, ಒಂದೇ ಆಜ್ಞೆ, ವಾಪಸ್ ತೆಗೆಯಲೂ ಒಂದೇ ಆಜ್ಞೆ. ಈಗಲೇ ಅಂದೆ. ಸರ್ವರ್ ಕಡೆ, ಡಬ್ಬಿಯ ಕಡೆ ಎರಡೂ 1280 ಮಾಡಿ, "ಒತ್ತಮ್ಮ" ಅಂದೆ.

ಚೀಟಿ ಬರಲಿಲ್ಲ.

ಟಿಸಿಪಿಡಂಪ್ ನೋಡಿದರೆ ಇನ್ನೂ ಕಷ್ಟ. ಮೊದಲು ಅರ್ಧವಾದರೂ ಬರುತ್ತಿತ್ತು, ಈಗ ಏನೂ ಬರುತ್ತಿಲ್ಲ. ಹೊರಗೆ ಹಾರ್ನ್. ಒಳಗೆ ನಾನು ಬೆವರುತ್ತಿದ್ದೆ, ಜನವರಿಯ ಚಳಿಯಲ್ಲಿ. ಹತ್ತು ನಿಮಿಷ ಆದ ಮೇಲೆ ಡಬ್ಬಿಯ ಫೈರ್‌ವಾಲ್ (ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವ ಬೇಲಿ) ನಿಯಮಗಳನ್ನು ಮೇಲಿಂದ ಕೆಳಗೆ ಓದಿದೆ. ಎರಡು ಸಾಲು ಸಿಕ್ಕವು, ಎರಡೂ ನಾನೇ ಬರೆದದ್ದು. ಒಂದರಲ್ಲಿ ಟಿಸಿಪಿ ತುಣುಕಿನ ಗಾತ್ರವನ್ನು 1380 ಅಂತ ಗಟ್ಟಿಯಾಗಿ ನಮೂದಿಸಿದ್ದೆ, 1420ರ ಲೆಕ್ಕಕ್ಕೆ. ಇನ್ನೊಂದರಲ್ಲಿ ಐಸಿಎಂಪಿ (ಪಿಂಗ್, ದೋಷದ ಸೂಚನೆಗಳು ಸಾಗುವ ಬಗೆ) ಪೈಕಿ ಪಿಂಗ್ ಬಿಟ್ಟು ಉಳಿದದ್ದೆಲ್ಲಾ ಬಂದ್. ಭದ್ರತೆ ಅಂತ ಹಾಕಿದ್ದು. ಈಗ ಆದದ್ದು ಇಷ್ಟು: ಹುಡುಗಿಯ ಕಂಪ್ಯೂಟರ್ ಹಳೇ ಅಳತೆಯ ದೊಡ್ಡ ಪ್ಯಾಕೆಟ್ ಕಳಿಸುತ್ತಿದೆ, ಡಬ್ಬಿ "ಇದು ಹಿಡಿಸಲ್ಲ, ಚಿಕ್ಕದು ಕಳಿಸು" ಅಂತ ಉತ್ತರ ಬರೆಯುತ್ತಿದೆ, ಆ ಉತ್ತರ ಹೋಗುವುದು ಐಸಿಎಂಪಿಯಲ್ಲಿ, ಅದನ್ನು ಬಾಗಿಲಲ್ಲೇ ತಡೆಯುತ್ತಿರುವುದು ನನ್ನ ನಿಯಮ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಗಟ್ಟಿ ಸಂಖ್ಯೆ ತೆಗೆದು, ದಾರಿಯ ಗಾತ್ರ ನೋಡಿ ತಾನೇ ಹೊಂದಿಸಿಕೊಳ್ಳುವ ನಿಯಮ ಹಾಕಿದೆ. ಆ ಒಂದು ಬಗೆಯ ಐಸಿಎಂಪಿಗೆ ಬಾಗಿಲು ತೆರೆದೆ. ಸೇವ್ ಒತ್ತಿದಳು. ಪ್ರಿಂಟರ್ ಕಿರ್ ಅಂದಿತು. 60 ಮೂಟೆಯ ಲಾರಿಯದ್ದೂ ಒಂದೇ ಏಟಿಗೆ ಬಂತು. ನೋಟ್‌ಬುಕ್‌ನಲ್ಲಿ "ಮೂರು ಸಲ" ಅನ್ನುವುದರ ಪಕ್ಕ ಅವಳು ದೊಡ್ಡದಾಗಿ ರೈಟ್ ಹಾಕಿದಳು.

ಆಮೇಲೆ ಮಾಡಿದ್ದು

ಆ ವಾರ ಉಳಿದ ನಾಲ್ಕು ಡಬ್ಬಿಗಳನ್ನು ತೆರೆದು ನೋಡಿದಾಗ ಒಂದರ ನಿಯಮ ಇನ್ನೊಂದರ ಹಾಗೆ ಇರಲಿಲ್ಲ. ಬೇರೆ ಬೇರೆ ದಿನ, ಬೇರೆ ಬೇರೆ ಗಡಿಬಿಡಿಯಲ್ಲಿ ಕೈಯಾರೆ ತಿದ್ದಿದ್ದು. ಈಗ ಐದರದ್ದೂ ಒಂದೇ ಕಡತ, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿದೆ, ಎಲ್ಲಾ ಯಂತ್ರಕ್ಕೂ ಒಂದೇ ಹಾಗೆ ಹಾಕುವ ಆನ್ಸಿಬಲ್ ಮೂಲಕ ಹೋಗುತ್ತದೆ. ಐದು ಯಂತ್ರಕ್ಕೆ ಆನ್ಸಿಬಲ್ ಯಾಕೆ ಅಂತ ಹಿಂದೆ ವಾದ ಮಾಡಿದ್ದವನು ನಾನೇ. ಎರಡು ಯಂತ್ರ ಇದ್ದರೂ ಬೇಕು.

ಡೇಟಾಬೇಸ್‌ನಲ್ಲಿ ಒಂದು ಮಿತಿ ಹಾಕಿದೆವು: ಟ್ರಾನ್ಸಾಕ್ಷನ್ ತೆರೆದು 60 ಸೆಕೆಂಡ್ ಸುಮ್ಮನಿದ್ದರೆ ಪೋಸ್ಟ್‌ಗ್ರೆಸ್ ತಾನೇ ಕಡಿದುಹಾಕುತ್ತದೆ. ಇದು ಮೊದಲೇ ಇದ್ದಿದ್ದರೆ ಕಾಯಿಲೆ ಒಂದು ಕಟ್ಟೆಯಲ್ಲೇ ಇರುತ್ತಿತ್ತು, ಮೊದಲ ದಿನವೇ ಯಾವ ಕಟ್ಟೆ ಅಂತ ಗೊತ್ತಾಗುತ್ತಿತ್ತು. ಚೀಟಿ ನಂಬರ್ ಕೊನೆಗೆ ತೆಗೆದುಕೊಳ್ಳಿ ಅಂತ ಸಾಫ್ಟ್‌ವೇರ್‌ನವರಿಗೆ ಹೇಳಿದ್ದೇವೆ. ಮುಂದಿನ ಆವೃತ್ತಿಯಲ್ಲಿ ಅಂತಾರೆ.

ಪಿಂಗ್ ಬದಲಾಯಿತು. ಸಣ್ಣದರ ಜೊತೆ ಈಗ 1252 ಬೈಟಿನ, ತುಂಡಾಗದ ಪಿಂಗ್ ಕೂಡ ಸುರಂಗದೊಳಗೆ ಹೋಗುತ್ತದೆ. ತಲೆಬರಹ ಸೇರಿದರೆ ಸರಿಯಾಗಿ 1280. ಸಣ್ಣದು ಬಂದು ದೊಡ್ಡದು ಬರದಿದ್ದರೆ ಬೇರೆಯದೇ ಅಲಾರಂ. ಎಲ್ಲಕ್ಕಿಂತ ಮುಖ್ಯವಾದದ್ದು, ಕಟ್ಟೆ ಫೈಬರ್ ಬಿಟ್ಟು 4ಜಿಗೆ ಹೋದ ಕ್ಷಣ ನನ್ನ ಮತ್ತು ಮ್ಯಾನೇಜರ್ ಫೋನಿಗೆ ಸಂದೇಶ ಬರುತ್ತದೆ. ಕೆಲಸ ನಿಂತಿಲ್ಲದಿದ್ದರೂ ಬರುತ್ತದೆ. ಮ್ಯಾನೇಜರ್‌ಗೆ ಮೊದಲು ಇದು ಇಷ್ಟವಾಗಲಿಲ್ಲ. "ಎಲ್ಲಾ ಸರಿ ನಡೀತಿರುವಾಗ ಯಾಕೆ ರಾತ್ರಿ ಎಬ್ಬಿಸ್ತೀರಿ" ಅಂದರು. ರಾತ್ರಿಯದ್ದನ್ನು ಬೆಳಿಗ್ಗೆ ಏಳಕ್ಕೆ ಕಳಿಸುವ ಹಾಗೆ ಮಾಡಿ ರಾಜಿಯಾದೆವು.

ಆ ಅಲಾರಂ ಚಾಲೂ ಮಾಡಿದ್ದು ಒಂದು ಶನಿವಾರ ಮಧ್ಯಾಹ್ನ. ಎರಡು ನಿಮಿಷಕ್ಕೆ ಫೋನ್ ಗುಂಯ್ ಅಂದಿತು. ಪರೀಕ್ಷೆಯ ಸಂದೇಶ ಇರಬೇಕು ಅಂತ ನೋಡಿದರೆ ಅಲ್ಲ, ಜಿಲ್ಲೆಯ ಇನ್ನೊಂದು ತುದಿಯ ಕಟ್ಟೆ. ಅದೂ 4ಜಿಯಲ್ಲಿತ್ತು. ಅಲ್ಲಿನ ಸಿಮ್ ಬೇರೆ ಕಂಪನಿಯದ್ದು, ದಾರಿ ಅಗಲ, ಹಾಗಾಗಿ ಯಾರಿಗೂ ತೊಂದರೆ ಆಗಿರಲಿಲ್ಲ. ಫೋನ್ ಮಾಡಿ ಫೈಬರ್ ಯಾವಾಗಿನಿಂದ ಇಲ್ಲ ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಹುತ್ತರಿ ಹಬ್ಬಕ್ಕೆ ಮೊದಲೇ ಹೋಗಿತ್ತು ಅನ್ಸುತ್ತೆ ಸಾರ್. ಬಿಲ್ ಮಾತ್ರ ಪ್ರತಿ ತಿಂಗಳೂ ಕಟ್ತಾ ಇದ್ದೀವಿ."